ಬಳ್ಳಾರಿ ಬಿಸಿಲಿನಲ್ಲಿ ಜೆರೇನಿಯಂ ಉಳಿಸುವುದು ಹೇಗೆ?

ಬಳ್ಳಾರಿ ಮಾಳಿಗೆ | ಏಪ್ರಿಲ್ 11

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಲು ಹೋಗಿದ್ದೆ. ವಾಪಸ್ ಬರುವಾಗ ಒಂದು ನರ್ಸರಿಯಿಂದ ಆರು ಜೆರೇನಿಯಂ ಗಿಡ ತಂದೆ. ನಾಲ್ಕು ಕೆಂಪು, ಒಂದು ಗುಲಾಬಿ ಬಣ್ಣದ್ದು, ಒಂದು ಬಳ್ಳಿಯ ಹಾಗೆ ಇಳಿಬೀಳುವ ಜಾತಿ. ಫೆಬ್ರವರಿ ಪೂರ್ತಿ ಹೂವೋ ಹೂವು. ಮನೆಗೆ ಬಂದವರೆಲ್ಲ ಮಾಳಿಗೆ ಹತ್ತಿ ನೋಡಿ ಹೋಗುತ್ತಿದ್ದರು.

ಮಾರ್ಚ್ ನಡುವಿಗೆ ಹೂವು ನಿಂತಿತು. ಈಗ ಎಲೆಗಳು ಚಿಕ್ಕದಾಗುತ್ತಿವೆ. ತುದಿಯ ಹೊಸ ಎಲೆಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿವೆ. ಕಾಂಡದ ಕೆಳಭಾಗ ಬೋಳಾಗಿದೆ. ಒಂದು ಗಿಡದ ಬುಡ ಕಪ್ಪಾಗಿ ಮೆತ್ತಗಾಗಿದೆ, ಮುಟ್ಟಿದರೆ ಒತ್ತುತ್ತದೆ. ನಮ್ಮಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತಿದೆ. ಗಿಡಗಳು ಪಶ್ಚಿಮದ ಪ್ಯಾರಾಪೆಟ್ ಪಕ್ಕ ಇವೆ, ತಂದ ಕಪ್ಪು ಪ್ಲಾಸ್ಟಿಕ್ ಪಾಟಿನಲ್ಲೇ. ಬಾಡಬಾರದು ಅಂತ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಹಾಕುತ್ತಿದ್ದೇನೆ.

ಬಳ್ಳಾರಿಯಲ್ಲಿ ಇದನ್ನು ಬೆಳೆಸಲು ಆಗುತ್ತದಾ? ಆಗಲ್ಲ ಅಂದರೆ ನೇರವಾಗಿ ಹೇಳಿ, ಇರುವವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಸಾಯುವುದನ್ನು ನೋಡಲು ಮನಸ್ಸಿಲ್ಲ.

ಬಸವನಗುಡಿ ಬಾಲ್ಕನಿ | ಏಪ್ರಿಲ್ 11

ನನ್ನವು ವರ್ಷಪೂರ್ತಿ ಹೂ ಬಿಡುತ್ತವೆ. ಆದರೆ ನಾವಿರುವುದು 900 ಮೀಟರ್ ಎತ್ತರದಲ್ಲಿ, ಬೇಸಿಗೆಯಲ್ಲೂ ರಾತ್ರಿ ತಂಪು. ನನ್ನ ಪದ್ಧತಿ ನಿಮಗೆ ಹೇಳಿದರೆ ತಪ್ಪಾಗುತ್ತದೆ. ಒಂದು ಮಾತ್ರ ಹೇಳುತ್ತೇನೆ. ದಿನಕ್ಕೆರಡು ಸಲ ನೀರು ಅಂದರೆ ಬೆಂಗಳೂರಲ್ಲೇ ಈ ಗಿಡ ಉಳಿಯುವುದಿಲ್ಲ.

ದುರ್ಗದ ಮೇಷ್ಟ್ರು | ಏಪ್ರಿಲ್ 12

ಕೊಡಬೇಡಿ, ಉಳಿಸಬಹುದು. ಚಿತ್ರದುರ್ಗದಲ್ಲಿ ಹದಿನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದೇನೆ. ಮೊದಲ ಮೂರು ವರ್ಷ ನನ್ನವೂ ಪ್ರತಿ ಬೇಸಿಗೆಯಲ್ಲಿ ಸತ್ತವು. ಬಿಸಿಲು ಕೊಂದಿತು ಅಂತಲೇ ಅಂದುಕೊಂಡಿದ್ದೆ. ಕೊಂದದ್ದು ನನ್ನ ಕೊಡ.

ನಡೆಯುವುದು ಹೀಗೆ. 30-32 ಡಿಗ್ರಿ ದಾಟಿದರೆ ಜೆರೇನಿಯಂ ಬೆಳವಣಿಗೆ ನಿಧಾನ ಮಾಡುತ್ತದೆ. ಹೂ ನಿಲ್ಲಿಸುತ್ತದೆ, ಎಲೆ ಸಣ್ಣ ಮಾಡುತ್ತದೆ, ಹಳೆ ಎಲೆ ಉದುರಿಸುತ್ತದೆ. ಅದು ಸಾಯುತ್ತಿಲ್ಲ, ಮಲಗುತ್ತಿದೆ. ಮಲಗಿದ ಗಿಡ ನೀರು ಎಳೆಯುವುದು ಕಡಿಮೆ. ನಾವು ಬಾಡಿದ ಎಲೆ ನೋಡಿ ಹೆದರಿ ಮತ್ತೆ ಮತ್ತೆ ಸುರಿಯುತ್ತೇವೆ. ಮಣ್ಣು ಬಿಸಿಯಾಗಿಯೂ ಒದ್ದೆಯಾಗಿಯೂ ಇದ್ದರೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡವೂ ಬಾಡುತ್ತದೆ. ಆಗ ಇನ್ನೊಂದು ಚೊಂಬು ನೀರು. ಅಲ್ಲಿಗೆ ಮುಗಿಯಿತು.

ಬುಡ ಕಪ್ಪಾದ ಗಿಡವನ್ನು ಮಣ್ಣಿನ ಸಮೇತ ಇವತ್ತೇ ಎಸೆಯಿರಿ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ಮಣ್ಣಿನ ಮಟ್ಟದಿಂದ ಮೇಲಕ್ಕೆ ಕಪ್ಪು ಹತ್ತುತ್ತಾ ಬಂದಿದ್ದರೆ ಅದು ಬುಡ ಕೊಳೆ, ಹೆಚ್ಚಾಗಿ ಪಿಥಿಯಂ ಅನ್ನುವ ಶಿಲೀಂಧ್ರದಂಥ ಜೀವಿಯದ್ದು. ಇನ್ನೊಂದು ರೋಗವೂ ಇದೆ, ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದರಲ್ಲಿ ಎಲೆಯ ಅಂಚಿನಿಂದ ಒಳಕ್ಕೆ ಬೆಣೆಯ ಆಕಾರದ ಹಳದಿ ಪಟ್ಟೆ ಬೀಳುತ್ತದೆ, ಮಣ್ಣು ಒದ್ದೆ ಇದ್ದರೂ ಗಿಡ ಜೋತುಬೀಳುತ್ತದೆ. ಎರಡಕ್ಕೂ ಔಷಧಿ ಹುಡುಕಬೇಡಿ. ಉಳಿದವನ್ನು ಉಳಿಸಿಕೊಳ್ಳಿ. ಆ ಗಿಡ ಮುಟ್ಟಿದ ಕೈ, ಕತ್ತರಿ ತೊಳೆಯದೆ ಬೇರೆ ಗಿಡ ಮುಟ್ಟಬೇಡಿ.

ತುದಿ ಎಲೆ ಬೆಳ್ಳಗಾಗಿದ್ದಕ್ಕೆ ಗಾಬರಿ ಬೇಡ. ಸೆಖೆಯಲ್ಲಿ ಹುಟ್ಟಿದ ಎಲೆಗೆ ಹಸಿರು ಕೂಡಿಬರುವುದಿಲ್ಲ, ಅಷ್ಟೇ. ತಂಪಾದ ಮೇಲೆ ಬರುವ ಎಲೆ ಸರಿಯಾಗಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ಬೇರೆ ಥರ ಕಾಣುತ್ತದೆ: ನರ ಹಸಿರಾಗೇ ಇರುತ್ತದೆ, ನಡುವಿನ ಜಾಗ ಮಾತ್ರ ಹಳದಿ.

ಈಗ ಮಾಡಬೇಕಾದ್ದು. ಮೊದಲು ಆ ಪಶ್ಚಿಮದ ಗೋಡೆಯಿಂದ ತೆಗೆಯಿರಿ. ಬೆಳಿಗ್ಗೆ ಹತ್ತರವರೆಗೆ ಬಿಸಿಲು, ಆಮೇಲೆ ನೆರಳು ಇರುವ ಪೂರ್ವ ದಿಕ್ಕಿಗೆ ಇಡಿ. ಮಧ್ಯಾಹ್ನ ಮೂರು ಗಂಟೆಗೆ ಆ ಕಪ್ಪು ಪಾಟಿನ ಹೊರಮೈ ಮೇಲೆ ಅಂಗೈ ಇಟ್ಟು ನೋಡಿ. ನಿಮ್ಮ ಕೈಗೆ ತಡೆಯದಿದ್ದರೆ ಅದರ ಗೋಡೆಗೇ ಅಂಟಿಕೊಂಡಿರುವ ಬೇರಿಗೂ ತಡೆಯುವುದಿಲ್ಲ. ಆದರೆ ಈಗ ಬೇರು ಕೆದಕಿ ಬೇರೆ ಕುಂಡಕ್ಕೆ ಹಾಕಬೇಡಿ. ಪಾಟನ್ನು ಹಾಗೆಯೇ ಒಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಮರಳು ತುಂಬಿ. ಆ ಹೊರಗಿನ ಮರಳಿಗೆ ಸ್ವಲ್ಪ ನೀರು ಚಿಮುಕಿಸಿದರೆ ನೀರಿನ ಮಡಕೆಯ ಹಾಗೆ ತಂಪಾಗುತ್ತದೆ.

ನೀರು ಬೆಳಿಗ್ಗೆ ಮಾತ್ರ. ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಹಾಕಿ. ಇಲ್ಲದಿದ್ದರೆ ನಾಳೆ. ಸ್ವಲ್ಪ ದಿನಕ್ಕೆ ಕುಂಡ ಎತ್ತಿದರೇ ತೂಕ ಗೊತ್ತಾಗುತ್ತದೆ. ಗೊಬ್ಬರ ಬೇಡ, ಕತ್ತರಿಸುವುದೂ ಬೇಡ. ಮೊಗ್ಗು ಬಂದರೆ ಚಿವುಟಿಬಿಡಿ. ಹೂವಿನ ಆಸೆ ಈ ಮೂರು ತಿಂಗಳು ಬಿಡಬೇಕು.

ನಮ್ಮ ಕಡೆ ಜೆರೇನಿಯಂ ವರ್ಷ ಅಂದರೆ ದಸರಾದಿಂದ ಯುಗಾದಿವರೆಗೆ. ಉಳಿದದ್ದು ಅದರ ನಿದ್ದೆ.

ಬಳ್ಳಾರಿ ಮಾಳಿಗೆ | ಏಪ್ರಿಲ್ 12

ಮೇಷ್ಟ್ರೇ, ಓದಿ ಕಣ್ಣು ತುಂಬಿ ಬಂತು. ಇವತ್ತೇ ಐದನ್ನೂ ಕೆಳಗೆ ಇಳಿಸಿ, ನಾಲ್ಕನ್ನು ಪೂರ್ವದ ಪಡಸಾಲೆ ಮೆಟ್ಟಿಲಿನ ಮೇಲೆ ಇಟ್ಟೆ. ಬಳ್ಳಿ ಜಾತಿಯದ್ದು ಮಹಡಿ ಮೆಟ್ಟಿಲ ಕೆಳಗೆ, ಅಲ್ಲಿ ಬರೀ ಬೆಳಕು ಮಾತ್ರ ಬೀಳುತ್ತದೆ. ಎರಡು ಪ್ರಶ್ನೆ. ಕುಂಡದ ಕೆಳಗೆ ತಟ್ಟೆ ಇಡಲೇಬೇಕಾ? ಮತ್ತೆ ಕುಡಿಯುವ ನೀರಿನ ಫಿಲ್ಟರ್ ಯಂತ್ರದಿಂದ ಹೊರಗೆ ಹೋಗುವ ನೀರನ್ನು ವ್ಯರ್ಥ ಮಾಡಬಾರದು ಅಂತ ಗಿಡಕ್ಕೇ ಹಾಕುತ್ತಿದ್ದೆ, ಸರಿನಾ?

ದುರ್ಗದ ಮೇಷ್ಟ್ರು | ಏಪ್ರಿಲ್ 12

ತಟ್ಟೆ ಬೇಡವೇ ಬೇಡ. ಎರಡು ಇಟ್ಟಿಗೆ ತುಂಡಿನ ಮೇಲೆ ಕುಂಡ ಕೂರಿಸಿ.

ಆ ನೀರು ನೆಲ ಒರೆಸಲು ಬಳಸಿ, ಗಿಡಕ್ಕೆ ಬೇಡ. ನೀರಿನಲ್ಲಿದ್ದ ಉಪ್ಪೆಲ್ಲ ಅದರಲ್ಲೇ ಸೇರಿಕೊಂಡಿರುತ್ತದೆ. ನಿಮ್ಮದು ಬೋರ್ ನೀರಾದರೆ ಮೊದಲೇ ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕೂತಿದೆಯಾ ನೋಡಿ. ಎಲೆಯ ಅಂಚು ಕಂದಾಗಿ ಸುಟ್ಟ ಹಾಗೆ ಆಗಿದ್ದರೆ ಅದೂ ಉಪ್ಪೇ.

ಎರೆಹೊಲ ಕಲಬುರಗಿ | ಏಪ್ರಿಲ್ 13

ನಮ್ಮೂರಿನ ಬಿಸಿಲು ಬಳ್ಳಾರಿಗಿಂತ ಕಡಿಮೆ ಏನಿಲ್ಲ. ಮೇಷ್ಟ್ರು ನೀರಿನ ವಿಷಯ ಹೇಳಿದರು, ನಾನು ಮಣ್ಣಿನದ್ದು ಹೇಳುತ್ತೇನೆ. ಯಾಕಂದರೆ ನನ್ನ ಮೊದಲ ಹತ್ತು ಗಿಡ ಹೋಗಿದ್ದು ಮಣ್ಣಿನಿಂದ.

ನಮ್ಮದು ಎರೆ ಭೂಮಿ. ತೊಗರಿಗೆ, ಜೋಳಕ್ಕೆ ಬಂಗಾರ. ಅದೇ ಮಣ್ಣು ತಂದು ಕುಂಡಕ್ಕೆ ತುಂಬಿದೆ. ಒದ್ದೆಯಾದಾಗ ಉಬ್ಬಿ ಮುದ್ದೆಯಾಗುತ್ತದೆ, ಗಾಳಿ ಆಡುವುದಿಲ್ಲ. ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಟ್ಟು ಬೆರಳು ಹೋಗುವಷ್ಟು ಸಂದಿ ಬೀಳುತ್ತದೆ. ಬಿರುಕು ಬಿಡುವಾಗ ಸಣ್ಣ ಬೇರುಗಳು ಹರಿಯುತ್ತವೆ. ಆಮೇಲೆ ನೀರು ಹಾಕಿದರೆ ಆ ಸಂದಿಯಲ್ಲೇ ಇಳಿದು ಕೆಳಗಿನಿಂದ ಹೊರಟುಹೋಗುತ್ತದೆ. ಮೇಲೆ ನೋಡಿದರೆ ನೀರು ಹಾಕಿದ್ದೀವಿ, ಒಳಗೆ ಗಡ್ಡೆ ಒಣಗಿದೆ.

ಈಗ ನಾನು ಬಳಸುವುದು: ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಹಳೆ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಕೆಂಪು ಮಣ್ಣು ಸಿಗದಿದ್ದರೆ ಗರಸು ಜರಡಿ ಹಿಡಿದು ಹಾಕಬಹುದು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಬೇಡಿ. ನರ್ಸರಿಯವರು ಬರೀ ಅದರಲ್ಲೇ ಬೆಳೆಸಿರುತ್ತಾರೆ, ಸಾಗಿಸಲು ಹಗುರ ಅಂತ. ಮನೆಯಲ್ಲಿ ಅದು ಮೇಲೆ ಒಣಗಿ ಕಂಡರೂ ಒಳಗೆ ಒದ್ದೆ ಹಿಡಿದಿರುತ್ತದೆ. ಬೆರಳು ಮೋಸ ಹೋಗುತ್ತದೆ.

ಒಲೆ ಬೂದಿ ಹಾಕುವವರು ಜೆರೇನಿಯಂಗೆ ಮಾತ್ರ ಹಾಕಬೇಡಿ. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಪಿಎಚ್ 6ರಿಂದ 6.5. ನಮ್ಮ ನೀರು ಮೊದಲೇ ಕ್ಷಾರ, ಬೂದಿ ಅದನ್ನು ಇನ್ನೂ ಏರಿಸುತ್ತದೆ.

ಕುಂಡ ಯಾವಾಗಲೂ ಸುಟ್ಟ ಮಣ್ಣಿನದ್ದು, ಗಿಡಕ್ಕಿಂತ ಸ್ವಲ್ಪ ಚಿಕ್ಕದು ಅನ್ನಿಸುವಂಥದ್ದು. ಇದರ ಬೇರಿಗೆ ಇಕ್ಕಟ್ಟಾದರೆ ಹೂವು ಜಾಸ್ತಿ.

ಫೀನಿಕ್ಸ್ ಕನ್ನಡತಿ | ಏಪ್ರಿಲ್ 14

ಹುಟ್ಟಿದ್ದು ರಾಯಚೂರು, ಈಗಿರುವುದು ಅಮೆರಿಕದ ಅರಿಜೋನಾದಲ್ಲಿ. ಎರಡೂ ಕಡೆ ಬಿಸಿಲು ನೋಡಿದ್ದೇನೆ. ಫೀನಿಕ್ಸ್‌ನಲ್ಲಿ ಜೆರೇನಿಯಂ ಅಂದರೆ ಚಳಿಗಾಲದ ಹೂವು. ಅಕ್ಟೋಬರ್‌ನಲ್ಲಿ ನೆಡುತ್ತಾರೆ, ಮೇವರೆಗೆ ಹೂ, ಜೂನ್‌ನಲ್ಲಿ ಹೆಚ್ಚಿನವರು ಕಿತ್ತು ಹಾಕುತ್ತಾರೆ. ಜನವರಿಯಲ್ಲಿ ಒಂದೆರಡು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಆಗ ಹಳೆ ಬೆಡ್‌ಶೀಟ್ ಹೊದಿಸುತ್ತೇವೆ.

ನಾನು ಕೀಳುವುದಿಲ್ಲ. ಇಲ್ಲಿ ಕಲಿತದ್ದು ಏನಂದರೆ ಹಗಲಿನ ಸೆಖೆಗಿಂತ ರಾತ್ರಿಯ ಸೆಖೆ ಕೆಟ್ಟದ್ದು. ಜುಲೈನಲ್ಲಿ ಇಲ್ಲಿ ಎಷ್ಟೋ ರಾತ್ರಿ 30 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲ. ಗಿಡ ಹಗಲು ತಯಾರಿಸಿದ ಸಕ್ಕರೆಯನ್ನು ರಾತ್ರಿ ಉಸಿರಾಟದಲ್ಲೇ ಸುಟ್ಟುಕೊಳ್ಳುತ್ತದೆ. ಬೆಳೆಯಲು ಏನು ಉಳಿಯುತ್ತದೆ? ಅದಕ್ಕೇ ಕಾಂಕ್ರೀಟ್ ಗೋಡೆಯಿಂದ ದೂರ ಇಡಿ. ಹಗಲೆಲ್ಲ ಕಾದ ಗೋಡೆ ಮಧ್ಯರಾತ್ರಿವರೆಗೆ ಬಿಸಿ ಬಿಡುತ್ತಿರುತ್ತದೆ. ನಾನು ಕುಂಡಗಳನ್ನು ಗೋಡೆಯಿಂದ ಮೂರು ಅಡಿ ಈಚೆ, ಹುಲ್ಲಿನ ಪಕ್ಕ ಇಟ್ಟೆ. ಅಷ್ಟರಲ್ಲೇ ವ್ಯತ್ಯಾಸ ಕಂಡಿತು.

ಇನ್ನೊಂದು ವಿಷಯ. ಬಳ್ಳಿ ಜಾತಿ ಮತ್ತು ಮಾಮೂಲಿ ಜಾತಿ ಎರಡನ್ನೂ ಕೂಡಿಸಿದ ಮಿಶ್ರತಳಿಗಳು ಇಲ್ಲಿ ಸಿಗುತ್ತವೆ. ಕ್ಯಾಲಿಯೋಪ್ ಅಂತ ಒಂದು. ಸೆಖೆಗೆ ಅವು ಗಟ್ಟಿ, ನನ್ನ ಹತ್ತಿರ ಜೂನ್ ಕೊನೆವರೆಗೂ ಹೂ ಕೊಟ್ಟಿದೆ.

ತವರಿಗೆ ಬರುವಾಗ ಒಂದೆರಡು ಕಡ್ಡಿ ತರುತ್ತೀಯಾ ಅಂತ ಅಣ್ಣನ ಮನೆಯವರು ಕೇಳಿದ್ದರು. ತರುವುದಿಲ್ಲ ಅಂದೆ. ಪರವಾನಗಿ ಇಲ್ಲದೆ ಗಿಡ ತರುವುದಕ್ಕೆ ಭಾರತದಲ್ಲಿ ನಿರ್ಬಂಧ ಇದೆ, 2003ರ ಆದೇಶ. ಅದು ಇರುವುದು ಒಳ್ಳೆಯದೇ.

ಅಡಿಲೇಡ್ ಅಂಗಳ | ಏಪ್ರಿಲ್ 15

ನಮ್ಮಲ್ಲಿ ಈಗ ಶರತ್ಕಾಲ, ಕಡ್ಡಿ ನೆಡುವ ಹೊತ್ತು. ನೀವು ಬೇಸಿಗೆಯ ಮಾತಾಡುತ್ತಿದ್ದೀರಿ, ನಾನು ಕತ್ತರಿ ಹಿಡಿದು ನಿಂತಿದ್ದೇನೆ.

ಇಲ್ಲಿ ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣ. ಕೆಲವು ದಿನ 40 ದಾಟುತ್ತದೆ. ಹಳೆ ಮನೆಗಳ ಮುಂದೆ ಬೇಲಿಯ ಹಾಗೆ ಜೆರೇನಿಯಂ ಬೆಳೆದಿರುತ್ತದೆ, ಯಾರೂ ನೀರು ಹಾಕುವುದಿಲ್ಲ. ಯಾಕೆ ಹೀಗೆ ಅಂತ ಹುಡುಕಿದರೆ ತವರು ಸಿಗುತ್ತದೆ. ಇದರ ಕುಲದಲ್ಲಿ ಸುಮಾರು 280 ಜಾತಿಗಳಿವೆ, ಬಹುಪಾಲು ದಕ್ಷಿಣ ಆಫ್ರಿಕಾದ ಕೇಪ್ ಕಡೆಯವು. ಅಲ್ಲಿ ನೈಋತ್ಯ ಭಾಗದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಬಂದರೆ ಗಿಡ ಎಲೆ ಕಳೆದುಕೊಂಡು ಸುಮ್ನೆ ಕೂರುತ್ತದೆ. ನಮ್ಮ ಊರಿನ ಕಾಲಮಾನ ಅದಕ್ಕೆ ಹೊಂದುತ್ತದೆ. ಬಳ್ಳಾರಿಯದ್ದು ತಲೆಕೆಳಗು, ಅಲ್ಲಿ ಸೆಖೆ ಪೂರ್ತಿ ಇಳಿಯುವ ಮುಂಚೆಯೇ ಮಳೆ ಬರುತ್ತದೆ.

ಆದರೆ ನಾವು ಕುಂಡದಲ್ಲಿ ಇಡುವ, ಎಲೆ ಮೇಲೆ ಕಂದು ಬಳೆ ಇರುವ ಮಾಮೂಲಿ ಗಿಡದ ಹಿರಿಯರು ಸ್ವಲ್ಪ ಬೇರೆ. ಜೋನೇಲ್ ಮತ್ತು ಇನ್‌ಕ್ವಿನಾನ್ಸ್ ಅನ್ನುವ ಎರಡು ಜಾತಿಗಳಿಂದ ಮುಖ್ಯವಾಗಿ ಅದು ಬಂದಿದೆ. ಇನ್‌ಕ್ವಿನಾನ್ಸ್ ಪೂರ್ವ ಕೇಪಿನದ್ದು, ಅಲ್ಲಿ ಬೇಸಿಗೆಯಲ್ಲೂ ಮಳೆ ಇದೆ, ಹವೆ ಹಿತ. ಹಾಗಾಗಿ ಈ ಗಿಡ ಪೂರ್ತಿ ಮರುಭೂಮಿಯದ್ದಲ್ಲ. ತಿಂಗಳುಗಟ್ಟಲೆ ಒಣಗಿಸಿದರೆ ಸಾಯುತ್ತದೆ. ಮೇಷ್ಟ್ರು ಹೇಳಿದ ಹಾಗೆ ಬೆರಳಿಟ್ಟು ನೋಡಿ ಹಾಕುವುದೇ ಸರಿ.

ಹೆಸರಿನ ಬಗ್ಗೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಸಸ್ಯಶಾಸ್ತ್ರದಲ್ಲಿ ಇದು ಪೆಲಾರ್ಗೋನಿಯಂ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಎಲ್ಲವನ್ನೂ ಜೆರೇನಿಯಂ ಅಂತ ಒಟ್ಟಿಗೆ ಸೇರಿಸಿದ, 1789ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಬೇರೆ ಮಾಡಿದ. ಅಷ್ಟರಲ್ಲಿ ಹಳೆ ಹೆಸರು ಜನರ ಬಾಯಲ್ಲಿ ಕೂತುಬಿಟ್ಟಿತ್ತು. ಎರಡೂ ಗ್ರೀಕಿನ ಹಕ್ಕಿ ಹೆಸರುಗಳು, ಒಂದು ಕ್ರೌಂಚ, ಒಂದು ಕೊಕ್ಕರೆ. ಕಾಯಿಯ ಉದ್ದ ಕೊಕ್ಕು ನೋಡಿದರೆ ಗೊತ್ತಾಗುತ್ತದೆ. ಆ ಕಾಯಿ ಒಡೆದಾಗ ಬೀಜಕ್ಕೆ ಸ್ಪ್ರಿಂಗಿನಂಥ ಬಾಲ ಇರುತ್ತದೆ. ಅಂಗೈ ಮೇಲೆ ಇಟ್ಟು ಒಂದು ಹನಿ ನೀರು ಹಾಕಿದರೆ ಸುರುಳಿ ಬಿಚ್ಚಿಕೊಳ್ಳುತ್ತಾ ತಾನೇ ತಿರುಗುತ್ತದೆ. ಮಕ್ಕಳಿಗೆ ತೋರಿಸಿ.

ದುರ್ಗದ ಮೇಷ್ಟ್ರು | ಏಪ್ರಿಲ್ 15

ತುಂಬ ಉಪಕಾರ. ಇಡೀ ಕುಲವೇ ಚಳಿಗಾಲದ ಮಳೆಯದ್ದು ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಒಮ್ಮೆ ಏಪ್ರಿಲ್‌ನಲ್ಲಿ ಹದಿನೈದು ದಿನ ನೀರೇ ಕೊಡದೆ ಎರಡು ಗಿಡ ಕಳೆದುಕೊಂಡದ್ದು ಯಾಕೆ ಅಂತ ಈಗ ಅರ್ಥವಾಯಿತು.

ಮೊದಲು ಸ್ಪೇನ್, ಈಗ ವಿಜಯಪುರ | ಏಪ್ರಿಲ್ 18

ಕೆಲಸದ ಮೇಲೆ ಎರಡು ವರ್ಷ ದಕ್ಷಿಣ ಸ್ಪೇನ್‌ನ ಕೊರ್ಡೊಬಾದಲ್ಲಿದ್ದೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ 40 ದಾಟುವುದು ಸಾಮಾನ್ಯ. ಆದರೂ ಆ ಊರಿನ ಗುರುತೇ ಜೆರೇನಿಯಂ. ಮನೆಯ ಒಳಗೆ ನಮ್ಮ ತೊಟ್ಟಿ ಮನೆಯ ಹಾಗೆ ಅಂಗಳ ಇರುತ್ತದೆ. ಸುತ್ತಲೂ ಸುಣ್ಣ ಬಳಿದ ಬಿಳಿ ಗೋಡೆ, ಆ ಗೋಡೆ ತುಂಬ ಮೇಲಿನಿಂದ ಕೆಳಗೆ ಕುಂಡಗಳು. ಮೇ ತಿಂಗಳಲ್ಲಿ ಅಂಗಳಗಳ ಹಬ್ಬ, ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತಾರೆ. 2012ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ಮನೆ ಮಾಲೀಕರ ತಾಯಿ ನೀರು ಹಾಕುವುದನ್ನು ದಿನಾ ನೋಡುತ್ತಿದ್ದೆ. ಉದ್ದ ಬಿದಿರಿನಂಥ ಕೋಲು, ಅದರ ತುದಿಗೆ ಕಟ್ಟಿದ ಸಣ್ಣ ತಗಡಿನ ಡಬ್ಬಿ. ಬಕೆಟ್ಟಿನಿಂದ ಅದ್ದಿ, ತಲೆ ಮೇಲಿನ ಎತ್ತರದ ಕುಂಡಕ್ಕೆ ಒಂದೊಂದೇ ಡಬ್ಬಿ ಬಗ್ಗಿಸುತ್ತಿದ್ದರು. ಎಲೆ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ಒಂದು ಕುಂಡಕ್ಕೆ ಒಂದೇ ಡಬ್ಬಿ. ಪೈಪ್ ಯಾಕೆ ಬಳಸುವುದಿಲ್ಲ ಅಂತ ಕೇಳಿದ್ದೆ. ಪೈಪಿಗೆ ಯಾವ ಕುಂಡಕ್ಕೆ ಎಷ್ಟು ಬೇಕು ಅಂತ ಗೊತ್ತಾಗುವುದಿಲ್ಲವಲ್ಲ ಅಂದರು.

ಇಕ್ಕಟ್ಟಾದ ಅಂಗಳ, ಮಧ್ಯಾಹ್ನದ ಹೊತ್ತಿಗೆ ನೆರಳು, ಬಿಳಿ ಗೋಡೆ, ನೆಲಕ್ಕೆ ಚಿಮುಕಿಸಿದ ನೀರಿನ ತಂಪು. ರಾತ್ರಿ 20ರ ಹತ್ತಿರ ಇಳಿಯುತ್ತದೆ. ಗುಟ್ಟು ಅಷ್ಟೇ. ಈಗ ವಿಜಯಪುರದ ಮನೆಯ ಹಿತ್ತಲ ಗೋಡೆಗೂ ಸುಣ್ಣ ಬಳಿಸಿದ್ದೇನೆ.

ಫೀನಿಕ್ಸ್ ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ದಕ್ಷಿಣ ಆಫ್ರಿಕಾದ ಒಂದು ಪುಟ್ಟ ಕಂದು ಚಿಟ್ಟೆ 1990ರ ಸುಮಾರಿಗೆ ಸ್ಪೇನ್‌ನ ಮಯೋರ್ಕ ದ್ವೀಪಕ್ಕೆ ಗಿಡಗಳ ಜೊತೆ ಬಂದು ಸೇರಿತು. ಅದರ ಹುಳ ಮೊಗ್ಗು, ಕಾಂಡ ಕೊರೆದು ಒಳಗಿನಿಂದ ಟೊಳ್ಳು ಮಾಡುತ್ತದೆ. ಆಮೇಲೆ ಯುರೋಪಿನ ಎಷ್ಟೋ ಕಡೆ ಹಬ್ಬಿತು. ಒಂದು ಕಡ್ಡಿ ತಾನೇ ಅಂತ ತರಬಾರದು.

ಹೊಸಪೇಟೆ ಹೂವು | ಏಪ್ರಿಲ್ 22

ನನ್ನದೂ ಎರಡು ಪ್ರಶ್ನೆ. ಚಿಟ್ಟೆಯಂಥ ದೊಡ್ಡ ಹೂವು, ನಡುವೆ ಕಡು ಬಣ್ಣದ ಮಚ್ಚೆ ಇರುವ ಜೆರೇನಿಯಂ ಊಟಿಯಿಂದ ತಂದೆ. ಎರಡು ವರ್ಷವಾದರೂ ಮೊಗ್ಗಿಲ್ಲ. ಮತ್ತೆ, "ಸೊಳ್ಳೆ ಓಡಿಸುವ ಗಿಡ" ಅಂತ ಒಬ್ಬರು ಮಾರಿದ್ದಾರೆ. ಕೋಣೆಯಲ್ಲಿ ಇಟ್ಟಿದ್ದೇನೆ, ಸೊಳ್ಳೆ ಹಾಗೇ ಇವೆ.

ಧಾರವಾಡ ಪರಿಮಳ | ಏಪ್ರಿಲ್ 22

ಮೊದಲನೆಯದು ರೀಗಲ್ ಜಾತಿ. ಮೊಗ್ಗು ಕಟ್ಟಲು ಅದಕ್ಕೆ ವಾರಗಟ್ಟಲೆ ತಂಪು ರಾತ್ರಿ ಬೇಕು, 15 ಡಿಗ್ರಿಗಿಂತ ಕೆಳಗೆ. ಊಟಿಯಲ್ಲಿ ಸಿಗುತ್ತದೆ, ಹೊಸಪೇಟೆಯಲ್ಲಿ ಸಿಗುವುದಿಲ್ಲ. ಬೆಟ್ಟದ ಕಡೆ ಇರುವ ನೆಂಟರಿಗೆ ಕೊಡಿ, ಅದು ಚೆನ್ನಾಗಿರಲಿ.

ಎರಡನೆಯದು ಪರಿಮಳದ ಜೆರೇನಿಯಂ ಬಳಗದ್ದು. ಗಿಡ ಸುಮ್ನೆ ಕುಂಡದಲ್ಲಿದ್ದರೆ ಸೊಳ್ಳೆ ಹೋಗುವುದಿಲ್ಲ. 1990ರ ದಶಕದಲ್ಲೇ ಅಮೆರಿಕ, ಕೆನಡಾದಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಸೊಳ್ಳೆಗಳು ಅದರ ಎಲೆ ಮೇಲೇ ಬಂದು ಕೂತಿದ್ದವು. ಪರದೆ ಕಟ್ಟಿಕೊಳ್ಳಿ, ಗಿಡವನ್ನು ಹೊರಗೆ ಇಡಿ.

ಆದರೆ ದಯವಿಟ್ಟು ಎಸೆಯಬೇಡಿ. ಪರಿಮಳದವುಗಳಲ್ಲಿ ಗುಲಾಬಿ ವಾಸನೆಯದ್ದು ನನಗೆ ಜೀವ. ಹೂವು ಚಿಕ್ಕದು, ಪರಿಮಳವೆಲ್ಲ ಎಲೆಯಲ್ಲಿ. ಒಂದು ಎಲೆ ಹಿಡಿದು ಬೆರಳಿನಿಂದ ಉಜ್ಜಿ ನೋಡಿ. ಮೊದಲು ಗುಲಾಬಿ, ಆಮೇಲೆ ನಿಂಬೆ, ಕೊನೆಗೆ ಹಸಿ ಹುಲ್ಲು. ಎಲೆ ಮೇಲಿನ ಸಣ್ಣ ರೋಮಗಳ ತುದಿಯಲ್ಲಿ ಎಣ್ಣೆಯ ಗ್ರಂಥಿ ಇರುತ್ತದೆ. ನೀಲಗಿರಿ ಮತ್ತು ಯೇರ್ಕಾಡ್ ಬೆಟ್ಟಗಳಲ್ಲಿ ಇದನ್ನು ಎಣ್ಣೆಗಾಗಿ ಬೆಳೆಯುತ್ತಾ ಬಂದಿದ್ದಾರೆ. ಅತ್ತರು, ಸಾಬೂನು ಮಾಡುವವರು ದುಬಾರಿ ಗುಲಾಬಿ ಎಣ್ಣೆಯ ಬದಲು ಇದನ್ನು ಬಳಸುತ್ತಾರೆ. ಎರಡರಲ್ಲೂ ಜೆರೇನಿಯಾಲ್, ಸಿಟ್ರೊನೆಲ್ಲೋಲ್ ಅನ್ನುವ ಪರಿಮಳದ ವಸ್ತುಗಳಿವೆ.

ಬಳ್ಳಾರಿ ಮಾಳಿಗೆ | ಜೂನ್ 14

ಐದಕ್ಕೆ ಐದೂ ಇವೆ! ಬೇಸಿಗೆ ದಾಟಿದವು. ಒಂದೊಂದರಲ್ಲಿ ಏಳೆಂಟು ಎಲೆ ಅಷ್ಟೇ, ನೋಡಲು ಬಡಕಲು. ಆದರೆ ಕಾಂಡ ಗಟ್ಟಿ ಇದೆ. ಉಗುರಿನಿಂದ ಸ್ವಲ್ಪ ಕೆರೆದು ನೋಡಿದೆ, ಒಳಗೆ ಹಸಿರು. ಮೇ ತಿಂಗಳಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಹಾಕಿದೆ. ಕೈ ತಡೆಹಿಡಿಯುವುದೇ ಕಷ್ಟವಾಗಿತ್ತು.

ಎರೆಹೊಲ ಕಲಬುರಗಿ | ಜೂನ್ 14

ಬಹಳ ಖುಷಿ ಆಯಿತು. ಆದರೆ ಗೆದ್ದೆವು ಅಂತ ಈಗಲೇ ಬಿಡಬೇಡಿ. ನನ್ನ ಲೆಕ್ಕದಲ್ಲಿ ನಮ್ಮ ಕಡೆ ಏಪ್ರಿಲ್‌ಗಿಂತ ಸೆಪ್ಟೆಂಬರ್ ಅಪಾಯ. ಮಳೆ ನೇರ ಬೀಳದ ಜಾಗದಲ್ಲೇ ಇರಲಿ.

ಬಸವನಗುಡಿ ಬಾಲ್ಕನಿ | ಜುಲೈ 20

ಬೆಂಗಳೂರಿನವರಿಗೆ ಒಂದು ಮಾತು. ಮೋಡ ಕವಿದ ದಿನಗಳಲ್ಲಿ ಬಳ್ಳಿ ಜಾತಿಯ ಎಲೆ ಅಡಿಯಲ್ಲಿ ಬೆಂಡಿನಂಥ ಗುಳ್ಳೆ ಬಂದರೆ ಅದು ರೋಗವಲ್ಲ, ಬೇರು ಎಳೆದಷ್ಟು ನೀರು ಎಲೆಯಿಂದ ಆರಿಹೋಗುತ್ತಿಲ್ಲ ಅಂತ ಅರ್ಥ. ನೀರು ಕಡಿಮೆ ಮಾಡಿ. ಎಲೆ ಅಡಿಯಲ್ಲಿ ಕಂದು ಪುಡಿ ಉಂಗುರ ಉಂಗುರವಾಗಿ ಕಂಡರೆ ಮಾತ್ರ ತುಕ್ಕು ರೋಗ. ಆ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿ ಹೊರಗೆ ಹಾಕಿ.

ಬಳ್ಳಾರಿ ಮಾಳಿಗೆ | ಸೆಪ್ಟೆಂಬರ್ 25

ಕಲಬುರಗಿಯವರು ಹೇಳಿದ್ದು ನಿಜವಾಯಿತು. ನೆಂಟರ ಮನೆಗೆ ಹೋಗಿದ್ದೆ, ಮೂರು ದಿನ ಬಿಡದೆ ಮಳೆ. ನೆಲ ಕೆಸರಾಗಬಾರದು ಅಂತ ಮನೆಯವರು ಕುಂಡಗಳ ಕೆಳಗೆ ತಟ್ಟೆ ಇಟ್ಟಿದ್ದರು. ಬಂದು ನೋಡುವಷ್ಟರಲ್ಲಿ ಗುಲಾಬಿ ಬಣ್ಣದ್ದು ಕೆಳಗಿನಿಂದ ಕಪ್ಪಾಗಿತ್ತು. 42 ಡಿಗ್ರಿ ತಡೆದ ಗಿಡ ಒಂದು ತಟ್ಟೆ ನೀರಿಗೆ ಹೋಯಿತು. ಆ ಬಣ್ಣ ಇನ್ನೊಂದು ನನ್ನ ಹತ್ತಿರ ಇಲ್ಲ. ತುಂಬ ಬೇಜಾರಾಗಿದೆ.

ಧಾರವಾಡ ಪರಿಮಳ | ಸೆಪ್ಟೆಂಬರ್ 25

ಬೇಜಾರು ಆಗೇ ಆಗುತ್ತದೆ. ಔಷಧಿ, ಸುಗಂಧ ಸಸ್ಯಗಳ ಸಂಶೋಧನೆ ಮಾಡುವ ಲಖನೌದ ಸೀಮ್ಯಾಪ್ ಸಂಸ್ಥೆಯವರಿಗೂ ಇದೇ ಕಷ್ಟ ಇತ್ತು. ಅವರ ಒಂದು ಕೇಂದ್ರ ಬೆಂಗಳೂರಿನಲ್ಲೂ ಇದೆ. ಉತ್ತರದ ಬಯಲಿನಲ್ಲಿ ಪರಿಮಳದ ಜೆರೇನಿಯಂ ಬೆಳೆಸಲು ಹೋದಾಗ ಮಳೆಗಾಲದಲ್ಲಿ ತಾಯಿ ಗಿಡಗಳು ಉಳಿಯುತ್ತಿರಲಿಲ್ಲ. ಕೊನೆಗೆ ಮಳೆ ತಡೆಯುವ ಅಗ್ಗದ ಪಾಲಿಥಿನ್ ಚಪ್ಪರದ ಅಡಿ ಗಿಡ ಉಳಿಸಿ, ಚಳಿ ಬಂದ ಮೇಲೆ ಕಡ್ಡಿ ಮಾಡಿ ರೈತರಿಗೆ ಕೊಡುವ ದಾರಿ ಕಂಡುಕೊಂಡರು. ನೀವೂ ಜೂನ್‌ನಿಂದಲೇ ಮೇಲೆ ಒಂದು ಹಾಳೆ ಕಟ್ಟಿ. ನಾಲ್ಕೂ ಪಕ್ಕ ತೆರೆದಿರಲಿ, ಗಾಳಿ ಆಡಬೇಕು.

ದುರ್ಗದ ಮೇಷ್ಟ್ರು | ಅಕ್ಟೋಬರ್ 12

ಹಸ್ತ ಮಳೆ ಮುಗಿಯಿತು, ಬೆಳಗಿನ ಹೊತ್ತು ತಂಪಾಗಿದೆ. ಈಗ ಕತ್ತರಿ ತೆಗೆಯಿರಿ.

ಉದ್ದ ಬೋಳು ಕಾಂಡಗಳನ್ನು ಅರ್ಧಕ್ಕೆ ಇಳಿಸಿ, ಆದರೆ ಪ್ರತಿ ಕಾಂಡದಲ್ಲಿ ಎರಡು ಮೂರು ಗೆಣ್ಣು ಉಳಿಯಲಿ. ಕತ್ತರಿಸಿದ ತುದಿಗಳೇ ಕಡ್ಡಿ. ನಾಲ್ಕು ಇಂಚು ಸಾಕು. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗೆಣ್ಣಿನ ಕೆಳಗೆ ನೇರ ಕೊಯ್ಯಿರಿ. ಕೆಳಗಿನ ಎಲೆ, ಮೊಗ್ಗು ಎಲ್ಲ ತೆಗೆಯಿರಿ. ಗೆಣ್ಣಿನ ಹತ್ತಿರ ಕಣ್ಣರೆಪ್ಪೆಯಷ್ಟು ತೆಳ್ಳನೆಯ ಪುಟ್ಟ ಎಲೆಗಳು ಅಂಟಿಕೊಂಡಿರುತ್ತವೆ. ಅವನ್ನೂ ಉಗುರಿನಿಂದ ಬಿಡಿಸಿ. ಕೊಳೆ ಶುರುವಾಗುವುದು ಅಲ್ಲಿಂದ.

ಆಮೇಲೆ ನೆಡಬೇಡಿ. ಒಂದು ಪೇಪರ್ ಮೇಲೆ ನೆರಳಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಟ್ಟಿ ನೋಡಿದರೆ ಕೊಯ್ದ ಬಾಯಿ ಒಣಗಿ ಸಣ್ಣ ಚರ್ಮ ಕಟ್ಟಿರುತ್ತದೆ. ಈಗ ತೊಳೆದ ದಪ್ಪ ಮರಳನ್ನು ಒದ್ದೆ ಮಾಡಿ ಒಂದೂವರೆ ಇಂಚು ಆಳಕ್ಕೆ ಊರಿ. ಬೇರೆ ಕಡ್ಡಿಗಳಿಗೆ ಮಾಡುವ ಹಾಗೆ ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ಇದರ ಎಲೆಗೆ ಬೆವರಾಗಬಾರದು. ಬೇರು ಬರಿಸುವ ಪುಡಿಯೂ ಬೇಕಿಲ್ಲ. ಮೂರು ವಾರ ಬಿಟ್ಟು ಮೆಲ್ಲಗೆ ಎಳೆದು ನೋಡಿ. ಹಿಡಿದುಕೊಂಡರೆ ಬೇರು ಬಂದಿದೆ.

ಹೊಸ ಎಲೆ ಬಂದ ಮೇಲೆ ಗೊಬ್ಬರ, ಹದಿನೈದು ದಿನಕ್ಕೊಮ್ಮೆ ತೆಳ್ಳಗೆ. ಸಾರಜನಕ ಜಾಸ್ತಿಯಾದರೆ ಎಲೆ ಮಾತ್ರ ಬರುತ್ತದೆ. ಈಗ ಪೂರ್ತಿ ಬಿಸಿಲಿಗೆ ಇಡಿ, ಆರು ಗಂಟೆ ಬಿದ್ದರೂ ಒಳ್ಳೆಯದೇ.

ಎರೆಹೊಲ ಕಲಬುರಗಿ | ನವೆಂಬರ್ 19

ಮೊಗ್ಗು ಬರುವ ಹೊತ್ತಿಗೆ ದಿನಾ ಸಂಜೆ ಗೊಂಚಲು ತಿರುಗಿಸಿ ನೋಡಿ. ಮೊಗ್ಗಿನಲ್ಲಿ ಗುಂಡುಸೂಜಿ ಚುಚ್ಚಿದಂಥ ದುಂಡು ತೂತು, ಎಲೆ ಮೇಲೆ ಕಪ್ಪು ಹಿಕ್ಕೆ ಕಂಡರೆ ಹುಳ ಒಳಗಿದೆ. ನನ್ನ ಹೊಲದ ತೊಗರಿ ತಿನ್ನುವ ಅದೇ ಕಾಯಿಕೊರಕ ಕುಂಡಕ್ಕೂ ಬಂದಿತ್ತು. ಕೆಂಪು ಹೂ ತಿಂದು ಹುಳವೂ ಕೆಂಪಗಾಗಿತ್ತು. ಕೈಯಿಂದ ಆರಿಸಿದರೆ ಸಾಕು, ನಾಲ್ಕು ಗಿಡಕ್ಕೆ ಔಷಧಿ ಬೇಡ.

ಒಣಗಿದ ಹೂಗೊಂಚಲು ತೆಗೆಯುವಾಗ ಅರ್ಧಕ್ಕೆ ಕತ್ತರಿಸಬೇಡಿ. ತೊಟ್ಟನ್ನು ಕಾಂಡಕ್ಕೆ ಸೇರುವ ಜಾಗದಲ್ಲಿ ಹಿಡಿದು ಪಕ್ಕಕ್ಕೆ ಬಗ್ಗಿಸಿ. ಟಕ್ ಅಂತ ಬಿಟ್ಟುಕೊಳ್ಳುತ್ತದೆ.

ಬಳ್ಳಾರಿ ಮಾಳಿಗೆ | ಜನವರಿ 28

ಮೇಷ್ಟ್ರು ಹೇಳಿದ ಹಾಗೇ ಮಾಡಿದೆ. ಒಂಬತ್ತು ಕಡ್ಡಿ ಊರಿದ್ದೆ, ಏಳು ಹಿಡಿದವು. ಹಳೆ ಮೂರು ಕೆಂಪು ಗಿಡಗಳು ಡಿಸೆಂಬರ್ ಎರಡನೇ ವಾರದಿಂದ ಹೂವಿನಲ್ಲಿವೆ. ಒಂದು ಗೊಂಚಲು ಎಣಿಸಿದೆ, 31 ಹೂ ಮತ್ತು ಮೊಗ್ಗು. ಬಳ್ಳಿ ಜಾತಿಯದ್ದು ಮಹಡಿ ಮೆಟ್ಟಿಲಿನಿಂದ ಎರಡು ಅಡಿ ಇಳಿದಿದೆ.

ಈ ಸಲ ಪೂರ್ವದ ಗೋಡೆಗೆ ಸುಣ್ಣ ಬಳಿಸಿದೆ. ಮಳೆಗಾಲಕ್ಕೆ ಹಾಳೆ ಕಟ್ಟಲು ನಾಲ್ಕು ಕೊಕ್ಕೆ ಈಗಲೇ ಹೊಡೆಸಿಟ್ಟಿದ್ದೇನೆ. ತಟ್ಟೆಗಳನ್ನೆಲ್ಲ ಹಕ್ಕಿಗೆ ನೀರಿಡಲು ಮಾಳಿಗೆ ಮೇಲೆ ಸಾಲಾಗಿ ಇಟ್ಟಾಯಿತು. ಏಳು ಕಡ್ಡಿಯಲ್ಲಿ ಎರಡು ಹೊಸಪೇಟೆಯವರಿಗೆ ಎತ್ತಿಟ್ಟಿದ್ದೇನೆ, ಯುಗಾದಿಗೆ ಮುಂಚೆ ಬಂದು ತೆಗೆದುಕೊಂಡು ಹೋಗಿ. ಗುಲಾಬಿ ಬಣ್ಣದ್ದು ಯಾರ ಹತ್ತಿರವಾದರೂ ಇದ್ದರೆ ಒಂದು ಕಡ್ಡಿ ಕೊಡಿ. ಬದಲಿಗೆ ಕೆಂಪು ಕೊಡುತ್ತೇನೆ.

ಎರೆಹೊಲ ಕಲಬುರಗಿ | ಜನವರಿ 28

ನನ್ನ ಹತ್ತಿರ ಇದೆ. ಇವತ್ತು ರಾತ್ರಿ ಕೊಯ್ದು ಪೇಪರ್ ಮೇಲೆ ಇಡುತ್ತೇನೆ. ಭಾನುವಾರ ಬಳ್ಳಾರಿಗೆ ಬರುವವರಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.